ಶುಕ್ರವಾರದ ಆಕಾಶನೌಕೆ

ಮಗ ರಮೀಝ್ ಸೌದಿಯ ದಮ್ಮಾಮಿನಲ್ಲಿ ಯಾವುದೋ ಕೋಣೆಯೊಳಗೆ ಸಿಕ್ಕಿಬಿದ್ದಿದ್ದಾನೆ, ಬಾಗಿಲು ತೆರೆಯುತ್ತಿಲ್ಲ, ಗಾಳಿ ಮುಗಿಯುತ್ತಾ ಬಂದಿದೆ ಎಂದು ನಫೀಸಮ್ಮ ಕಕ್ಕಿಂಜೆಯ ಅರ್ಧ ಪೇಟೆಗೆ ಅಳುತ್ತಾ ಹೇಳಿಬಂದಿದ್ದರು. ಅದು ಕಂಪ್ಯೂಟರಿನ ಆಟ ಎಂದು ತಿಳಿಹೇಳುವಷ್ಟರಲ್ಲಿ ಸೊಸೆ ರಶೀನಾಳಿಗೆ ಸಾಕುಬೇಕಾಯಿತು. ಈ ವಯಸ್ಸಿಗೆ ಆಟ ಬೇರೆ ಕೇಡು ಎಂದು ಗೊಣಗಿದ ಅತ್ತೆ, ಆಮೇಲೂ ಫೋನಿನ ಪಕ್ಕದಿಂದ ಕದಲಲಿಲ್ಲ.

ಫೋನು ಬರುತ್ತಿದ್ದದ್ದು ಶುಕ್ರವಾರ, ಜುಮ್ಮಾ ನಮಾಜು ಕಳೆದ ಮೇಲೆ. ಅತ್ತೆ, ಮಾವ ಉಸ್ಮಾನ್, ನಾದಿನಿ ಶಾಹಿದಾ ಎಲ್ಲರೂ ಮಾತಾಡಿ ಮುಗಿಸಿದ ಮೇಲೆ ರಿಸೀವರ್ ರಶೀನಾಳ ಕೈಗೆ. ಅವರೆಲ್ಲ ಸುತ್ತ ಕುಳಿತೇ ಇರುತ್ತಿದ್ದರು. ಅಷ್ಟು ಕಿವಿಗಳ ನಡುವೆ ಹೆಂಡತಿ ಗಂಡನಿಗೆ ಏನು ತಾನೇ ಹೇಳಿಯಾಳು? ಊಟ ಆಯಿತಾ, ಸೆಕೆ ಉಂಟಾ, ಅಷ್ಟೇ. ಮದುವೆಯಾಗಿ ಒಂದೇ ಒಂದು ರಜೆ ಜೊತೆಗಿದ್ದವರು. ಅವನ ನಗು ನೆನಪಾಗಬೇಕಾದರೆ ಅವಳು ಆಲ್ಬಂ ತೆಗೆಯಬೇಕಾಗುತ್ತಿತ್ತು.

ಆ ಆಟ ರಮೀಝನಿಗೆ ಸಿಕ್ಕಿದ್ದು ಅವನು ಕೆಲಸ ಮಾಡುವ ಗೋಡೌನಿನ ಹಳೇ ಕಂಪ್ಯೂಟರಿನಲ್ಲಿ. ಚಿತ್ರವಿಲ್ಲ, ಸದ್ದಿಲ್ಲ, ಪರದೆಯ ತುಂಬಾ ಇಂಗ್ಲಿಷ್ ವಾಕ್ಯಗಳು. ಕೆಟ್ಟುನಿಂತ ಆಕಾಶನೌಕೆಯಲ್ಲಿ ನೀನೊಬ್ಬನೇ ಉಳಿದಿದ್ದೀಯ, ಏನು ಮಾಡುತ್ತೀಯೋ ಟೈಪ್ ಮಾಡು ಎನ್ನುತ್ತಿತ್ತು. ಅರ್ಧ ಶಬ್ದ ಅವನಿಗೆ ತಿಳಿಯದು. ಮೂಡಬಿದ್ರೆಯಲ್ಲಿ ಡಿಗ್ರಿ ಓದಿದ ಹೆಂಡತಿಗೆ ಫೋನಿನಲ್ಲಿ ಓದಿ ಹೇಳುವನು, ಅವಳು ದಾರಿ ತೋರಿಸುವಳು.

“ಇಲ್ಲಿ ಭಾರೀ ಕತ್ತಲೆ ಉಂಟು. ನಾನೊಬ್ಬನೇ ಇದ್ದೇನೆ.”

“ಟಾರ್ಚ್ ತಗೊಳ್ಳಿ. ನಿಧಾನ ಬನ್ನಿ. ನಾನಿಲ್ವಾ?”

ಮನೆಯವರಿಗೆ ಅದು ಆಟದ ಮಾತು. ರಶೀನಾ ಮಾತ್ರ ಕೆಂಪಾದ ಕಿವಿಯನ್ನು ಶಾಲಿನಲ್ಲಿ ಮುಚ್ಚಿಕೊಳ್ಳುತ್ತಿದ್ದಳು.

ಆದರೆ ಆಟ ಸುಲಭದ್ದಲ್ಲ. ಒಂದು ಹೆಜ್ಜೆ ತಪ್ಪಿದರೆ ಉಸಿರು ಕಟ್ಟಿ ಸತ್ತೆ ಎನ್ನುತ್ತಿತ್ತು, ಮತ್ತೆ ಮೊದಲಿನಿಂದ. ಮಳೆಗಾಲಗಳು ಹೋದವು. ವಿಶೇಷ ಏನೂ ಇಲ್ವಾ ಎಂದು ಹೊಟ್ಟೆ ನೋಡಿ ಕೇಳುವ ನೆರೆಮನೆಯವರಿಗೆ, ಗಂಡ ಊರಲ್ಲೇ ಇಲ್ಲದೆ ವಿಶೇಷ ಎಲ್ಲಿಂದ ಬರಬೇಕೆಂದು ಕೇಳುವ ಹುರುಪೂ ಅವಳಲ್ಲಿ ಉಳಿದಿರಲಿಲ್ಲ.

ಒಂದು ಶುಕ್ರವಾರ ರಮೀಝ್ ತಾಯಿಗೆ ಮೊದಲು ಹೇಳಿದ. ಕಂಪೆನಿ ಇನ್ನೆರಡು ವರ್ಷಕ್ಕೆ ಸೈನ್ ಹಾಕು ಎನ್ನುತ್ತಿದೆಯಂತೆ, ನಾಳೆಯೇ ಹಾಕಬೇಕಂತೆ. ಹಾಗಾದರೆ ಮನೆಗೊಂದು ಮಾಳಿಗೆ ಎತ್ತಬಹುದೆಂದು ಮಾವ ಆಗಲೇ ಗೋಡೆ ನೋಡತೊಡಗಿದರು. ರಶೀನಾಳ ಕೈಗೆ ರಿಸೀವರ್ ಬಂದಾಗ ಅವನು ಆ ಸುದ್ದಿ ಎತ್ತಲಿಲ್ಲ, ಅವಸರದಲ್ಲಿ ಆಟಕ್ಕೆ ಇಳಿದ. ಭೂಮಿಗೆ ಮರಳುವ ಸಣ್ಣ ನೌಕೆ ಕೊನೆಗೂ ಸಿಕ್ಕಿದೆ, ಆದರೆ ಒಂದು ಉಗ್ರಾಣ ನೋಡಲು ಬಾಕಿ ಇದೆ, ಗಾಳಿ ಸ್ವಲ್ಪವೇ ಉಳಿದಿದೆ ಎಂದ.

“ಈಗ ಹೊರಟ್ರೆ ಪಾಯಿಂಟ್ ಕಡಿಮೆ ಮಾರಾಯ್ತಿ. ಗೆದ್ದ ಹಾಗೆ ಆಗುವುದಿಲ್ಲ. ಆ ಸಾಮಾನೂ ತಕ್ಕೊಂಡು ಬರ್ಲಾ?”

ರಶೀನಾಳಿಗೆ ತಲೆಯಿಂದ ಕಾಲಿನವರೆಗೆ ಸುಸ್ತಾಯಿತು. ಅತ್ತೆ ಎದುರಿಗೇ ಇದ್ದರು. ಇರಲಿ ಎನಿಸಿತು.

“ನನಗೆ ಪಾಯಿಂಟ್ ಬೇಡ, ಮಾಳಿಗೆಯೂ ಬೇಡ. ನೀವು ಬೇಕು. ಸೈನ್ ಹಾಕಬೇಡಿ. ನನಗೆ ಕಾದು ಕಾದು ಸಾಕಾಗಿದೆ.”

ನಫೀಸಮ್ಮ ಸೊಸೆಯ ಮುಖವನ್ನೇ ನೋಡಿದರು. ಆಮೇಲೆ ಎದ್ದು ಶಾಹಿದಾಳ ರಟ್ಟೆ ಹಿಡಿದು, ಚಹಾ ಅಡುಗೆಮನೆಯಲ್ಲೇ ಕುಡಿಯುವ ಎಂದು ಗಂಡನನ್ನೂ ಎಬ್ಬಿಸಿ, ಹೊರಗಿನಿಂದ ಬಾಗಿಲು ಎಳೆದುಕೊಂಡರು.

ಕೇಳುವವರು ಯಾರೂ ಇಲ್ಲದಾಗ ಇಬ್ಬರಿಗೂ ಮಾತು ಹೊರಡಲಿಲ್ಲ. ಅವನ ಉಸಿರು ಕೇಳುತ್ತಿತ್ತು, ಆಮೇಲೆ ಕೀಲಿಗಳನ್ನು ಒತ್ತುವ ಸದ್ದು.

“ನೌಕೆ ಹತ್ತಿ ಕೂತೆ,” ಎಂದ. “ಸೈನ್ ಹಾಕುವುದಿಲ್ಲ. ಬರ್ತೇನೆ ರಶೀನಾ.”

“ರಮೀಝ್,” ಎಂದಳು ಅವಳು, ಮದುವೆಯಾದ ಮೇಲೆ ಮೊದಲ ಸಲ, ಅವನ ಹೆಸರು ಹಿಡಿದು.