ಒಂದೇ ಸಲ ನೆಲ ಮುಟ್ಟಿದ ಚೆಂಡು

"ಅಮ್ಮಾ, ಇಲ್ನೋಡು... ಚೆಂಡು ಒಂದೇ ಸಲ ನೆಲಕ್ಕೆ ಬಿದ್ದಿದೆ!"

ಭಾನುವಾರದ ಮಧ್ಯಾಹ್ನ, ಎಲ್ಲರೂ ಊಟಕ್ಕೆ ಕೂತಾಗಿತ್ತು. ಬಡಿಸುತ್ತಿದ್ದ ಅಮ್ಮನ ಕೈಯಲ್ಲಿನ ಸೌಟು ಅಲ್ಲೇ ನಿಂತುಬಿಟ್ಟಿತು. ಅಮ್ಮನ ಕೊನೆಯ ಪಂದ್ಯದ ಹಳೆಯ ಟೇಪನ್ನು ಮಗಳು ಯಾರಿಗೂ ತಿಳಿಸದೆ ಅಂಗಡಿಗೆ ಕೊಟ್ಟು ಮೊಬೈಲಿಗೆ ಹಾಕಿಸಿಕೊಂಡು ಬಂದಿದ್ದಳು, ಅಮ್ಮನಿಗೆ ಖುಷಿಯಾಗಲಿ ಎಂದು. ಸ್ಕ್ವಾಷ್ ಕೋರ್ಟಿನ ಗಾಜಿನ ಹಿಂದೆ ಇಪ್ಪತ್ತೇಳು ವರ್ಷದ ಅಮ್ಮ, ಎದುರು ಗೋಡೆಯ ಬುಡಕ್ಕೆ ಎರಗಿ ಚೆಂಡನ್ನು ಎತ್ತುತ್ತಿದ್ದಳು. ಮಗಳು ಬೆರಳಾಡಿಸಿ ಚಿತ್ರದ ಓಟವನ್ನು ತೀರ ನಿಧಾನ ಮಾಡಿದಳು. ಚೆಂಡು ನೆಲ ಮುಟ್ಟಿತು, ಪುಟಿದು ಮೇಲೆದ್ದಿತು. ಎರಡನೇ ಸಲ ಬೀಳುವ ಮೊದಲೇ ರ‍್ಯಾಕೆಟ್ಟು ಅದರ ಅಡಿಗೆ ಹೋಗಿತ್ತು!

ಆದರೆ ಆ ದಿನ ರೆಫರಿ ಕೂಗಿದ್ದು "ಡಬಲ್" ಎಂದು. ಅಂದರೆ, ಚೆಂಡು ಎರಡು ಸಲ ಬಿದ್ದ ಮೇಲೆ ಎತ್ತಿದ್ದಾಳೆ, ಅದು ಲೆಕ್ಕಕ್ಕಿಲ್ಲ. ಪಾಯಿಂಟು ಎದುರಾಳಿಗೆ, ಪಂದ್ಯವೂ ಎದುರಾಳಿಗೆ. ಆ ರೆಫರಿ ಈಗ ಅದೇ ಊಟದ ಮೇಜಿನ ಆಚೆ ಬದಿಯಲ್ಲಿ, ತುತ್ತನ್ನು ಬಾಯಿಗಿಡದೆ ತಟ್ಟೆ ನೋಡುತ್ತಾ ಕೂತಿದ್ದ. ಅವನು ಅವಳ ಗಂಡ.

ಆಟದವರು ಅವನನ್ನು ತಕ್ಕಡಿ ಎನ್ನುತ್ತಿದ್ದರು. ಹೆತ್ತಪ್ಪನೇ ಬಂದು ಆಡಿದರೂ ಗುಲಗಂಜಿಯಷ್ಟೂ ಆಚೀಚೆ ಮಾಡದ ಮನುಷ್ಯ ಎಂದು! ಅವಳಿಗೆ ಮಿಂಚುಳ್ಳಿ ಎಂದು ಹೆಸರು. ಹನ್ನೊಂದನೇ ವಯಸ್ಸಿಗೆ ರ‍್ಯಾಕೆಟ್ಟು ಹಿಡಿದವಳು, ಹದಿನಾರು ವರ್ಷ ಹಗಲಿರುಳೆನ್ನದೆ ಆಡಿದವಳು. ಕಾಲಿನ ಎರಡೂ ಹೆಬ್ಬೆರಳ ಉಗುರು ಕಪ್ಪಾಗಿಯೇ ಇರುತ್ತಿದ್ದವು. ಆ ಪಂದ್ಯ ಗೆದ್ದವರಿಗೆ ಮೂರು ವರ್ಷದ ವಿದೇಶದ ಆಟ ಕಾದಿತ್ತು. ರೆಫರಿಯ ತೀರ್ಪು ಸರಿಯಿಲ್ಲವೆನಿಸಿದರೆ ಆಟಗಾರ್ತಿ ಕೈ ಎತ್ತಿ ಕೇಳಬಹುದು. ಅವಳು ಕೇಳಲಿಲ್ಲ. ತಕ್ಕಡಿಯೇ ಹೇಳಿದ ಮೇಲೆ ಕೇಳುವುದೇನು? ತನ್ನ ಕಣ್ಣೇ ಮೋಸ ಮಾಡಿತು, ತನ್ನ ಕಾಲೇ ಸೋತಿತು ಎಂದುಕೊಂಡಳು. ಮರುವಾರ ಪತ್ರಿಕೆಯವರ ಮುಂದೆಯೂ ಅದನ್ನೇ ಹೇಳಿ ಆಟಕ್ಕೆ ಕೈಮುಗಿದಳು. ಅದೇ ವರ್ಷ ಈ ಮನೆ ತುಂಬಿದಳು.

ಇಪ್ಪತ್ತೆರಡು ವರ್ಷ ಕಳೆದ ಮೇಲೆ, ಹೋದ ವಾರವಷ್ಟೇ, ಆಟದ ಸಂಘದಿಂದ ಪತ್ರ ಬಂದಿತ್ತು. ಹುಡುಗಿಯರ ತಂಡಕ್ಕೆ ಕೋಚ್ ಆಗಬೇಕು, ಒಂದು ವರ್ಷ ಬೇರೆ ಊರಿನಲ್ಲಿರಬೇಕು, ಸೋಮವಾರದೊಳಗೆ ಉತ್ತರ ಬೇಕು. ಓದಿದವಳೇ ಅದನ್ನು ಗಂಡನಿಗೆ ತೋರಿಸಿದ್ದಳು. "ಆ ಹುಡುಗೀರ ಜೊತೆ ಓಡೋಕೆ ನಿನ್ನ ಕಾಲಲ್ಲಿ ಆಗುತ್ತಾ? ಯೋಚನೆ ಮಾಡು," ಎಂದಿದ್ದ ಗಂಡ. ಅವಳು ಇನ್ನೂ ಯೋಚಿಸುತ್ತಲೇ ಇದ್ದಳು.

"ರೀ... ಅವತ್ತು ನಿಮಗೆ ಕಾಣಿಸ್ಲಿಲ್ವಾ?" ಎಂದಳು ಈಗ.

"ಹಳೇದನ್ನ ಕೆದಕ್ತಾ ಕೂತ್ರೆ ಊಟ ಆರಿಹೋಗುತ್ತೆ," ಅತ್ತೆ ಗೊಣಗಿದರು. "ಚೆಂಡಿನ ಹಿಂದೆ ಓಡೋ ಚಾಳಿ ಇನ್ನೂ ಬಿಟ್ಟಿಲ್ಲ ಇವಳು!" ಮದುವೆಯಾದಾಗಿನಿಂದ ಅತ್ತೆಯ ಬಾಯಲ್ಲಿ ಇದೇ ಮಾತು. ಉಪ್ಪು ಹೆಚ್ಚಾದರೂ ಚೆಂಡು, ಹಾಲು ಉಕ್ಕಿದರೂ ಚೆಂಡು.

"ಕಾಣಿಸ್ತು," ಎಂದ ಗಂಡ.

ಯಾರೋ ಕೆನ್ನೆಗೆ ಬಾರಿಸಿದಂತಾಯಿತು ಅವಳಿಗೆ. ಕುರ್ಚಿಯ ಬೆನ್ನು ಹಿಡಿದು ನಿಂತಳು. "ಕಾಣಿಸ್ತು... ಅಂದ್ರೆ?"

"ಒಂದೇ ಸಲ ಬಿದ್ದಿದ್ದು ಕಾಣಿಸ್ತು. ಮದುವೆ ಯಾವಾಗ ಅಂತ ಕೇಳಿದ್ದಕ್ಕೆ ಹಿಂದಿನ ದಿನ ನೀನೇ ಹೇಳಿದ್ಯಲ್ಲ... ಗೆದ್ರೆ ಮೂರು ವರ್ಷ ಮದುವೆ ಮಾತು ಎತ್ಬೇಡಿ, ಸೋತ್ರೆ ಈ ವರ್ಷಾನೇ ಆಗೋಣ ಅಂತ."

"ಅದು ತಮಾಷೆಗೆ ಅಂದಿದ್ದು!"

"ನನಗೆ ಅದು ತಮಾಷೆ ಆಗಿರ್ಲಿಲ್ಲ. ಆ ಕ್ಷಣಕ್ಕೆ ಬಾಯಿಗೆ ಬಂದ್ಬಿಡ್ತು. ಹೇಗೂ ನೀನು ಕೈ ಎತ್ತಿ ಕೇಳ್ತೀಯ, ಆಗ ತಿದ್ಕೊಳ್ಳೋಣ ಅಂದ್ಕೊಂಡೆ. ಕಾದೆ ಕಣೇ... ನೀನು ಕೇಳ್ಲೇ ಇಲ್ಲ!"

"ಹೇಳಿದ್ದು ನೀವು ಅಂತ ಕೇಳ್ಲಿಲ್ಲ..." ಅವಳ ದನಿ ಒಡೆಯಿತು. "ನನ್ನ ಕಣ್ಣಿಗಿಂತ ನಿಮ್ಮ ಮಾತು ದೊಡ್ಡದು ಅಂತ ಕೇಳ್ಲಿಲ್ಲ ರೀ!"

ಅಷ್ಟರಲ್ಲಿ ಅತ್ತೆ ತಟ್ಟೆ ಪಕ್ಕಕ್ಕೆ ತಳ್ಳಿದರು. ಎಂದೂ ಸೊಸೆಯ ಪರ ಒಂದು ಮಾತೂ ಆಡದ ಆ ಹೆಂಗಸಿನ ಮುಖ ಬಿಳಿಚಿಕೊಂಡಿತ್ತು. "ಅಯ್ಯೋ ಪಾಪಿ! ಅವಳ ಕಾಲು ಮುರಿದು ಮನೆ ತುಂಬಿಸ್ಕೊಂಡ್ಯೇನೋ? ನಾನೂ ಆಡಬಾರದ್ದು ಆಡಿದೀನಿ, ಇಲ್ಲ ಅನ್ನಲ್ಲ. ಆದ್ರೆ ಮುಖದೆದುರೇ ಆಡಿದೀನಿ!"

ಅವಳಿಗೆ ಅಳುವೂ ಬರಲಿಲ್ಲ. ಅಂದು ಅವನಿಗೂ ಇಪ್ಪತ್ತೊಂಬತ್ತೇ ವಯಸ್ಸು, ಒಂದು ಗಳಿಗೆಯ ದುರಾಸೆ, ಕಟ್ಟಿಕೊಂಡವನು... ಹೀಗೆಂದು ಅವಳ ಮನಸ್ಸು ಆಗಲೇ ಅವನ ವಕಾಲತ್ತಿಗೆ ಹೊರಟಿತ್ತು. ಹೆಣ್ಣಿನ ಮನಸ್ಸಿಗೆ ಆ ಕೆಟ್ಟ ಅಭ್ಯಾಸವಿದೆ ನೋಡಿ! ಮೊದಲು ಪತ್ರಕ್ಕೆ ಉತ್ತರ ಕೊಡುವ ಕೆಲಸವೊಂದು ಆಗಲಿ ಎಂದುಕೊಂಡು ಸಂಘದ ಕಾರ್ಯದರ್ಶಿಗೆ ಫೋನ್ ಮಾಡಿದಳು. ಕಾರ್ಯದರ್ಶಿ ಅವಳ ಜೊತೆಗೇ ಆಡಿದ ಗೆಳತಿ.

"ನಾನು ಒಪ್ಕೊಂಡಿದೀನಿ ಕಣೇ. ಕೋಚ್ ಕೆಲಸಕ್ಕೆ ಬರ್ತೀನಿ."

ಆ ಕಡೆ ಗೆಳತಿ ತಡವರಿಸಿದಳು. "ಅಲ್ವೇ... ಶುಕ್ರವಾರಾನೇ ನಿನ್ನ ಗಂಡ ಫೋನ್ ಮಾಡಿ ನಿನ್ನ ಕೈಲಿ ಆಗಲ್ಲ ಅಂದ್ರಲ್ಲ! ನೀನೇ ಹೇಳಿಸಿದ್ದು ಅಂದ್ಕೊಂಡ್ವಿ. ಬೇರೆಯವರನ್ನ ನೋಡಿದೀವಿ."

ಫೋನು ಕಿವಿಗಿಟ್ಟುಕೊಂಡೇ ಅವಳು ಗಂಡನ ಕಡೆ ತಿರುಗಿದಳು. ಇಪ್ಪತ್ತೆರಡು ವರ್ಷದ ಹಿಂದಿನದು ಬಾಯಿತಪ್ಪಿ ಬಂದದ್ದಾದರೆ, ಮೊನ್ನೆ ಶುಕ್ರವಾರದ್ದು? ಮಗಳು ಬಂದು ತೋಳು ಹಿಡಿದುಕೊಂಡಳು.

"ಅವರು ಹೇಳಿದ್ದು ನನ್ನ ಮಾತಲ್ಲ," ಎಂದಳು ಫೋನಿಗೆ. "ನನ್ನನ್ನ ಕೇಳು."

"ನಾಳೆ ಹತ್ತಕ್ಕೆ ಸಮಿತಿ ಸೇರುತ್ತೆ. ಕೊಡ್ತಾರೆ ಅಂತ ನಾನು ಹೇಳೋಕಾಗಲ್ಲ ಕಣೇ. ನೀನೇ ಬಂದು ಕೇಳು."

"ಬರ್ತೀನಿ."

ಮರುದಿನ ಬೆಳಿಗ್ಗೆ ಅವಳು ಚಪ್ಪಲಿ ಮೆಟ್ಟುವಾಗ ಗಂಡ ಕಾರಿನ ಕೀಲಿ ಹಿಡಿದು ಬಾಗಿಲಲ್ಲಿ ನಿಂತಿದ್ದ. ರಾತ್ರಿಯಿಡೀ ನಿದ್ದೆಯಿಲ್ಲದ ಕಣ್ಣು ಕೆಂಪಾಗಿತ್ತು. "ನಾನೇ ಕರ್ಕೊಂಡು ಹೋಗ್ತೀನಿ. ಮಾಡಿದ್ದನ್ನೆಲ್ಲ ಅವರ ಮುಂದೆ ನಾನೇ ಹೇಳ್ತೀನಿ... ನನ್ನಿಂದ ಅಷ್ಟಾದ್ರೂ ಆಗ್ಲಿ."

"ಹೇಳಿ. ನಿಮ್ಮದನ್ನ ನೀವು ಹೇಳ್ಲೇಬೇಕು. ಆದ್ರೆ ಇವತ್ತು ಬೇಡ. ಇವತ್ತು ನನ್ನ ಮಾತನ್ನ ನಾನೇ ಆಡ್ತೀನಿ."

"ಅಷ್ಟು ದೂರ ನಡ್ಕೊಂಡು ಹೋಗ್ತೀಯಾ? ನಿನ್ನ ಕಾಲು..."

ಆಗ, ಆಗ ಮೊದಲ ಸಲ, ಅವಳ ಕಣ್ಣು ತುಂಬಿ ಹರಿಯಿತು.

"ನನ್ನ ಕಾಲಿಗೆ ಏನೂ ಆಗಿರ್ಲಿಲ್ಲ ರೀ," ಎಂದಳು. "ಯಾವತ್ತೂ ಏನೂ ಆಗಿರ್ಲಿಲ್ಲ!"