ಮೂರು ಗಾಳಿ, ಒಂದು ಖಾನೆ

ಅರಣ್ಯ ಕಚೇರಿಯ ಮೇಜಿನ ಮೇಲೆ ನಕ್ಷೆ ಹರಡಿ, ಅದು ಸುರುಳಿ ಸುತ್ತದಂತೆ ಮೂಲೆಗಳಿಗೆ ಚಹಾದ ಲೋಟಗಳನ್ನು ಇಟ್ಟಿದ್ದರು. ಪಶುವೈದ್ಯೆ ಒಂದು ಬಂಡೆಸಾಲಿನ ಮೇಲೆ ಬೆರಳಿಟ್ಟಳು.

"ಹುರುಕು ಹತ್ತಿದ ಹೋತ ಇಲ್ಲಿದೆ, ಒಂಟಿಯಾಗಿ. ಮದ್ದು ಕೊಡೋ ಕಾಲ ಮುಗೀತು. ಸಂಜೆ ಹಿಂಡೆಲ್ಲ ಉಪ್ಪುಮಣ್ಣು ನೆಕ್ಕೋಕೆ ಇಳಿಯತ್ತೆ. ಇದೂ ಹೋಗಿ ಮೈ ಉಜ್ಜಿದ್ರೆ ಎಲ್ಲಕ್ಕೂ ಹತ್ತತ್ತೆ, ಕತೆ ಮುಗೀತು."

ಬೆರಳೆಣಿಕೆಯಷ್ಟಿದ್ದ ಆ ಕಾಡುಮೇಕೆಗಳನ್ನು ವರ್ಷಗಟ್ಟಲೆ ಕಾದು ಹಿಂಡು ಮಾಡಿದವಳು ಅವಳು. ಗುಂಡು ಹೊಡೆಯಬೇಕಾದವನು ಅವಳ ತಮ್ಮ. ದುರ್ಬೀನು ಹೊತ್ತು ಗುರಿ ನೋಡಿ ಹೇಳುವವನು ಅವಳ ಗಂಡ, ಅರಣ್ಯ ರಕ್ಷಕ.

"ಗಾಯ ಮಾಡಿ ಬಿಟ್ರೆ ಓಡಿಹೋಗಿ ಹಿಂಡಿಗೇ ಸೇರತ್ತೆ," ಎಂದಳು ಅಕ್ಕ. "ಒಂದೇ ಗುಂಡು."

"ಗುಂಡು ಎಲ್ಲಿ ಬೀಳತ್ತೆ ಅಂತ ಲೆಕ್ಕ ಹಾಕೋಕೆ ಫೋನಿದೆಯಲ್ಲ," ಎಂದ ತಮ್ಮ.

"ಫೋನ್ ಬೆಟ್ಟ ಹತ್ತಲ್ಲ ಕಣಯ್ಯಾ, ನಾನು ಹತ್ತಬೇಕು," ಎಂದ ಭಾವ.

ದಾರಿಯಲ್ಲಿ, ಹೋತಕ್ಕೆ ಸದ್ದು ಕೇಳದಷ್ಟು ದೂರದ ಹಳೇ ಕಲ್ಲುಗಣಿಯಲ್ಲಿ ಒಂದು ಪರೀಕ್ಷೆ ಮಾಡಿದರು. ಗುಂಡು ಗುರುತಿಗಿಂತ ಮೇಲೆ ಬಿತ್ತು. ತಮ್ಮ ಹುಬ್ಬು ಗಂಟಿಕ್ಕಿದ.

"ಗಾಳಿಯ ಒತ್ತಡ ಎಲ್ಲಿಂದ ತಗೊಂಡೆ?" ಎಂದು ಅಕ್ಕ ಕೇಳಿದಳು.

"ಬೆಳಗಿನ ಹವಾಮಾನ ವರದಿಯಿಂದ."

"ಅದು ಸಮುದ್ರ ಮಟ್ಟಕ್ಕೆ ಹೊಂದಿಸಿ ಹೇಳೋದು. ಇಲ್ಲಿ ಗಾಳಿ ತೆಳು, ಗುಂಡಿಗೆ ತಡೆ ಕಮ್ಮಿ."

ಅವನು ನಾಲಗೆ ಕಚ್ಚಿಕೊಂಡ. ಕೈಯಲ್ಲಿದ್ದ ಮಾಪಕ ತೋರಿಸಿದ ಒತ್ತಡವನ್ನು ಫೋನಿಗೆ ತುಂಬಿದ. ಎರಡನೆಯ ಗುಂಡು ಗುರುತಿನ ಮೇಲೇ ಕೂತಿತು. ಭಾವ ಫೋನಿಗೆ ಕೈಮುಗಿದ.

ಮಧ್ಯಾಹ್ನದ ಹೊತ್ತಿಗೆ ದಿಣ್ಣೆಯ ನೆತ್ತಿ ಮುಟ್ಟಿದರು. ಎದುರಿಗೆ ಬಾಯ್ತೆರೆದ ಕಮರಿ, ಅದರಾಚೆ ಬೂದು ಬಂಡೆಗಳ ಗೋಡೆ. ಗೋಡೆಯ ಬಿರುಕುಗಳಲ್ಲಿ ಕುರುಚಲು ಗಿಡಗಳು ಉಗುರೂರಿ ನಿಂತಿದ್ದವು. ಕೆಳಗೆಲ್ಲೋ ಹೊಳೆಯ ಸದ್ದು. ಹೊಳೆ ಮಾತ್ರ ಮಂಜಿನೊಳಗೆ ಅಡಗಿತ್ತು. ಎಂಟುನೂರು ಮೀಟರ್ ಆಚೆ, ಮುಕ್ಕಾಲು ಕೂದಲುದುರಿದ ಹೋತ ಬಂಡೆಗೆ ಬೆನ್ನು ತಿಕ್ಕುತ್ತಿತ್ತು.

ತಮ್ಮ ಮಲಗಿ ಬಂದೂಕು ಹೂಡಿದ. ದೂರ, ಕೋನ, ಒತ್ತಡ ಎಲ್ಲ ಫೋನಿಗೆ ತುಂಬಿದ. ಗಾಳಿಯ ಖಾನೆ ಒಂದು ಉಳಿಯಿತು.

"ಭಾವಾ, ಗಾಳಿ?"

"ಯಾವುದು ಹೇಳಲಿ? ಇಲ್ಲಿ ಹುಲ್ಲು ಅಲ್ಲಾಡ್ತಿಲ್ಲ. ನಡುವೆ ಮಂಜು ಬಲಕ್ಕೆ ಓಡ್ತಿದೆ. ಅಲ್ಲಿ ಹೋತದ ಗಡ್ಡ ಎಡಕ್ಕೆ ಹಾರ್ತಿದೆ."

ತಮ್ಮ ಬಲಗಾಳಿ ತುಂಬಿ ನೋಡಿದ, ಎಡಗಾಳಿ ತುಂಬಿ ನೋಡಿದ. ಎರಡು ಉತ್ತರಗಳ ನಡುವೆ ಹೋತ ಇಡಿಯಾಗಿ ನುಸುಳಿ ಹೋಗುವಷ್ಟು ಅಂತರವಿತ್ತು.

"ಫೋನ್ ಏನನ್ನತ್ತೆ?" ಎಂದಳು ಅಕ್ಕ.

"ಹೊಡೀಬೇಡ ಅನ್ನತ್ತೆ."

"ಅದನ್ನ ಬಾಯಿಬಿಟ್ಟು ಹೇಳತ್ತಾ?"

"ಇಲ್ಲ, ನಾವೇ ಕೇಳ್ಕೋಬೇಕು."

ಅವನು ಫೋನಿನಲ್ಲಿ ದೂರವನ್ನು ಇಳಿಸುತ್ತ ಹೋದ. ಮುನ್ನೂರು ಮೀಟರಿಗೆ ಬಂದಾಗ ಎರಡು ಗಾಳಿಯ ಉತ್ತರಗಳೂ ಹೋತದ ಎದೆಗೂಡಿನೊಳಗೇ ಬಿದ್ದವು. ಮುನ್ನೂರು ಎಂದರೆ ಕಮರಿಯ ತಳ.

"ಇಳಿದ ಮೇಲೆ ಹತ್ತೋದೂ ಇರತ್ತೆ, ನೆನಪಿರಲಿ," ಎಂದು ಗೊಣಗಿದ ಭಾವ, ಹಗ್ಗ ಬಿಚ್ಚುತ್ತ.

ಇಳಿಜಾರು ಸಡಿಲ ಜಲ್ಲಿಯದು. ಅರ್ಧ ದಾರಿಯಲ್ಲಿ ಭಾವನ ಕಾಲಡಿ ನೆಲವೇ ಜಾರಿತು.

"ಹಗ್ಗ!"

ತಮ್ಮ ಒಂದು ಮರದ ಬುಡಕ್ಕೆ ಬೆನ್ನು ಕೊಟ್ಟ. ಅಕ್ಕ ಹಗ್ಗವನ್ನು ಸೊಂಟಕ್ಕೆ ಎಳೆದುಕೊಂಡಳು. ಭಾವ ಹಗ್ಗಕ್ಕೆ ಜೋತುಬಿದ್ದು ನಿಂತ. ಕಲ್ಲುಗಳು ದಡದಡನೆ ಉರುಳಿದವು. ಹೋತ ತಲೆಯೆತ್ತಿತು.

ಮೂವರೂ ಜಲ್ಲಿಗೆ ಮೈ ಅಂಟಿಸಿದರು.

ಹೋತ ಮತ್ತೆ ಬೆನ್ನು ತಿಕ್ಕಿತು.

ಕಮರಿಯ ತಳ ಸೇರುವಾಗ ಬಿಸಿಲು ಹಳದಿಯಾಗಿತ್ತು. ಗೋಡೆಯ ಆಚೆ ತುದಿಯಲ್ಲಿ ಹಿಂಡು ಇಳಿಯತೊಡಗಿತ್ತು. ಹೋತವೂ ಆ ಕಡೆ ಎರಡು ಹೆಜ್ಜೆ ಹಾಕಿ ನಿಂತಿತು. ಈಗ ಗುರಿ ಅವರ ತಲೆಗಿಂತ ಬಹಳ ಮೇಲಿತ್ತು. ಎತ್ತಿ ಹೊಡೆ ಎಂದಿತು ತಮ್ಮನ ಮನಸ್ಸು. ಅಷ್ಟು ಕಡಿದಾದ ಕೋನಕ್ಕೆ ತಗ್ಗಿಸು ಎಂದಿತು ಫೋನು. ಅವನು ಫೋನಿನ ಮಾತು ಕೇಳಿ ಅದನ್ನು ಜೇಬಿಗಿಳಿಸಿದ. ಆಮೇಲೆ ಹೋತದ ಗಡ್ಡ ಅಲ್ಲಾಡದೆ ನಿಲ್ಲುವುದನ್ನೇ ಕಾದ.

ಒಂದು ಸದ್ದು. ಹೋತ ನಿಂತಲ್ಲೇ ಕುಸಿಯಿತು.

ಅಕ್ಕ ಹತ್ತಿ ಹೋಗಿ ನೋಡಿದಳು. ಕೈಗವಸು ತೊಟ್ಟು ಅದರ ಕಣ್ಣು ಮುಚ್ಚಿದಳು. ಸದ್ದಿಗೆ ಚದುರಿದ್ದ ಹಿಂಡು ಅವರು ಕಳೇಬರಕ್ಕೆ ಬೆಂಕಿ ಹಚ್ಚುವಷ್ಟರಲ್ಲಿ ದೂರದ ಉಪ್ಪುಮಣ್ಣಿಗೆ ಮರಳಿತ್ತು. ಅವಳು ದುರ್ಬೀನಿನಲ್ಲಿ ಮರಿಗಳನ್ನು ಒಂದೊಂದಾಗಿ ನೋಡಿದಳು.

ಕಚೇರಿಗೆ ಮರಳಿದಾಗ ಲೋಟಗಳು ನಕ್ಷೆಯ ಮೇಲೆ ಹಾಗೇ ಇದ್ದವು. ಭಾವ ಮೊಣಕಾಲು ಒತ್ತಿಕೊಳ್ಳುತ್ತ ಕೇಳಿದ:

"ನಿಜ ಹೇಳಯ್ಯಾ. ಮೇಲಿಂದಲೇ ಹೊಡೆದಿದ್ರೆ ತಗಲ್ತಿರಲಿಲ್ವಾ?"

"ತಗಲಿದ್ರೂ ತಗಲ್ತಿತ್ತು, ಭಾವಾ."

"ಅದಕ್ಕೇ ಇಳಿದದ್ದು," ಎಂದು ಅಕ್ಕ ಲೋಟಗಳನ್ನೆತ್ತಿದಳು. ನಕ್ಷೆ ತಾನಾಗಿ ಸುರುಳಿ ಸುತ್ತಿಕೊಂಡಿತು.