ಇಪ್ಪತ್ತೊಂಬತ್ತು ದಿನದ ಗಂಡ

ಬಾಗಿಲು ತೆರೆದಾಗ ಎದುರಿಗೆ ರಸೂಲ ನಿಂತಿದ್ದ. ಹೆಗಲಿಗೆ ಕುವೈತಿನ ಚೀಲ, ಕಾಲ ಬಳಿ ಟ್ರಂಕು.

ಇಸ್ಮತಳ ಕೈ ಚಿಲಕದ ಮೇಲೆಯೇ ಉಳಿಯಿತು. ಎರಡು ವರ್ಷ... ಈ ಗಳಿಗೆಗಾಗಿ ಎಷ್ಟು ಮಾತು ಕೂಡಿಸಿಟ್ಟಿದ್ದಳು. 

ಮೊದಲು ಮಾತಾಡಿದವನು ಅವನೇ.

“ಇನ್ನೂ ಈ ಮನಿಯಾಗ ಅದೀಯೇನು?”

“ಮತ್ತ ಎಲ್ಲಿ ಇರಲಿ?”

“ಪತ್ರದಾಗ ಏನಂತ ಬರದಿದ್ದೆ ನಾ?”

“ಗೊತ್ತೈತಿ. ತುಕಾರಾಮ ಮಾಸ್ತರು ಓದಿ ಹೇಳಿದ್ರು. ‘ಬಾಡಿಗಿ ಮನಿ ಬಿಡು, ತವರಿಗೆ ಹೋಗು.’ ಅಷ್ಟ ಇತ್ತು. ಹಿಂದ ಏನರ ಬರದಾರೇನು ನೋಡ್ರಿ ಅಂದೆ. ಮಾಸ್ತರು ಹಾಳಿ ತಿರುವಿ ನೋಡಿ, ಏನೂ ಇಲ್ಲವ್ವಾ ಅಂದ್ರು.”

ರಸೂಲ ತಲೆ ತಗ್ಗಿಸಿದ. ಅವನು ಕಲಿತದ್ದು ಮರಾಠಿ ಶಾಲೆಯಲ್ಲಿ, ಅವಳು ಕನ್ನಡ ಶಾಲೆಯಲ್ಲಿ. ಮಾತಿಗೆ ಇಬ್ಬರಿಗೂ ಎರಡೂ ಬರುತ್ತಿದ್ದವು. ಅಕ್ಷರ ಮಾತ್ರ ಬೇರೆ ಬೇರೆ. ಹಾಗಾಗಿ ಗಂಡ ಹೆಂಡತಿಯ ನಡುವಿನ ಪ್ರತಿ ಪತ್ರವೂ ಈ ಗಡಿಯೂರು ಬಿಳೂರಿನ ಮಾಸ್ತರರ ಬಾಯಿಂದಲೇ ಬರಬೇಕಿತ್ತು.

“ಒಳಗ ಬರ್ರಿ,” ಎಂದಳು.

ಅವನು ಹೊಸ್ತಿಲನ್ನು ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ಟ್ರಂಕು ಎತ್ತಿಕೊಂಡ.

“ಆಪಾನ ಮನಿಯಾಗ ಇರ್ತೀನಿ.”

ಅಷ್ಟೇ. ಅಕ್ಕ ಕಾಸೀಂಬಿಯ ಓಣಿಯ ಕಡೆ ನಡೆದುಬಿಟ್ಟ.

ಪಕ್ಕದ ಮನೆಯ ಬೀರವ್ವ ಎಲ್ಲವನ್ನೂ ಕಟ್ಟೆಯ ಮೇಲಿಂದ ನೋಡಿದ್ದಳು. ಮರುದಿನ ನೀರಿನ ಕೊಡ ಇಳಿಸುತ್ತ ಕೇಳಿದಳು.

“ಎಷ್ಟು ದಿನದ ರಜಾ ಅಂತ, ತಂಗಿ?”

“ಇಪ್ಪತ್ತೊಂಬತ್ತನೇ ದಿನಕ್ಕ ವಾಪಸ ಟಿಕೆಟ್ ಐತಂತ, ಆಪಾ ಹೇಳಿ ಕಳಿಸಿದ್ರು.”

“ತಿಂಗಳು ಸುದ್ದಾ ತುಂಬಂಗಿಲ್ಲ? ನಮ್ಮ ಮನ್ಯಾಂವ ಕುರಿ ಹೊಡ್ಕೊಂಡು ಆರು ತಿಂಗಳು ಊರೂರು ತಿರಗ್ತಾನ. ಬಂದ ಮ್ಯಾಲ ಎಷ್ಟು ದಿನ ಇರ್ತಿ ಅಂತ ನಾವು ಕೇಳಂಗಿಲ್ಲ, ಕುರಿನೂ ಕೇಳಂಗಿಲ್ಲ. ಇಪ್ಪತ್ತೊಂಬತ್ತು ದಿನದ ಗಂಡ ಅಂತ ಇದ ಮೊದಲ ಕೇಳಿದ್ದು ನಾ.”

ಇಸ್ಮತ ನಕ್ಕಳು. ಒಳಗೆ ಬಂದು ಹೊಲಿಗೆ ಯಂತ್ರದ ಮುಂದೆ ಕೂತ ಮೇಲೆ ಆ ನಗು ಎಲ್ಲೋ ಹೋಗಿತ್ತು.

ಅವಳಿಗೆ ಕಾರಣ ಗೊತ್ತಿತ್ತು. ಗೊತ್ತಿದೆ ಎಂದು ನಂಬಿದ್ದಳು. ಎರಡು ವರ್ಷದ ಹಿಂದೆ ಅವನು ಇದೇ ರೀತಿ ರಜೆಗೆ ಬಂದಾಗ ಅವಳಿಗೆ ದಿನ ತುಂಬಿತ್ತು. ಜತ್ತದ ದವಾಖಾನೆಯಲ್ಲಿ ಕೂಸು ಹುಟ್ಟಿತು, ಅಳಲಿಲ್ಲ. ಬಿಳಿ ಬಟ್ಟೆಯ ಸಣ್ಣ ಗಂಟನ್ನು ಅವನೇ ಎದೆಗೆ ಒತ್ತಿಕೊಂಡು ಖಬರಸ್ತಾನಕ್ಕೆ ನಡೆದಿದ್ದ. ಆಮೇಲೆ ಅವಳಿಗೆ ಜ್ವರ. ಕಣ್ಣು ತೆರೆದಾಗಲೆಲ್ಲ ಅವನು ಹಾಸಿಗೆಯ ಪಕ್ಕದಲ್ಲೇ ಇರುತ್ತಿದ್ದ, ಒಂದು ಮಾತೂ ಇಲ್ಲದೆ.

ಅವಳು ಎದ್ದು ನಿಂತ ಮೇಲೆ ಹೋದವನು ಮತ್ತೆ ಬರಲಿಲ್ಲ. ಬಂದದ್ದು ಆ ಪತ್ರ.

‘ಕೂಸು ಉಳಸಲಾರದಾಕಿ ಅಂತ ನನ್ನ ಬಿಟ್ಟಾರ...’

ಅದಕ್ಕೇ ಅವಳು ಮಾಸ್ತರರಿಂದ ಉತ್ತರ ಬರೆಸಿದ್ದಳು: ಮನೆ ಬಿಡುವುದಿಲ್ಲ. ಈ ಎರಡು ಖೋಲಿ ಇರುವವರೆಗೆ ತಾನು ರಸೂಲನ ಹೆಂಡತಿ ಎಂಬುದು ಅವಳ ಹಟ. ಯಂತ್ರ ತುಳಿದು ಬಾಡಿಗೆ ಕೊಟ್ಟಳು. ಪ್ರತಿ ಶುಕ್ರವಾರ ಅವನ ಹಾಸಿಗೆ ಬಿಸಿಲಿಗೆ ಹಾಕಿದಳು.

ನಾಲ್ಕನೆಯ ದಿನ ತಾನೇ ಕಾಸೀಂಬಿಯ ಅಂಗಳಕ್ಕೆ ಹೋದಳು. ಕಾಸೀಂಬಿ ಮೊರದಲ್ಲಿ ಜೋಳ ಕೇರುತ್ತಿದ್ದಳು.

“ಬಾ. ನಿನ್ನ ಗಂಡ ಗ್ವಾಡಿ ನೋಡಿ ನೋಡಿ ಸುಣ್ಣ ಉದುರಿಸ್ಯಾನ. ಕರ್ಕೊಂಡು ಹೋಗು,” ಎಂದವಳು ಇಸ್ಮತಳ ಮುಖ ನೋಡಿ ಮೊರ ಹಿಡಿದು ಒಳಗೆ ಸರಿದಳು.

ರಸೂಲ ಬೇವಿನ ಕೆಳಗೆ ಕೂತಿದ್ದ.

“ನನ್ನ ಬಿಡೂದಿದ್ರ ನೀವ ಹೇಳ್ರಿ,” ಎಂದಳು ಇಸ್ಮತ. “ತಲಾಖ ಅನ್ನೂ ಮಾತಿಗರ ಮಾಸ್ತರು ಬ್ಯಾಡ.”

ಅವನು ಬೆಚ್ಚಿ ಅವಳನ್ನು ನೋಡಿದ.  ಎದ್ದು ಹೋಗಿ ಟ್ರಂಕಿನಿಂದ ಒಂದು ಕಾಗದ ತಂದ. ಇಂಗ್ಲಿಷ್ ಅಕ್ಷರ, ಕೆಳಗೆ ಸರಕಾರಿ ಶಿಕ್ಕಾ.

“ಏನಿದು?”

“ಆಯಕರದ ನೋಟೀಸು, ಗಳಿಕಿ ಮ್ಯಾಲಿನ ತೆರಗಿದ್ದು. ಕುವೈತಿಗೆ ಬಂದಿತ್ತು.”

 

“ನನ್ನ ಹತ್ರ ಕುವೈತಿನ ವೀಸಾ ಐತಿ, ಅಲ್ಲಿ ದುಡಿದದ್ದಕ್ಕ ಇಲ್ಲಿ ತೆರಗಿ ಇಲ್ಲ ಅಂದ್ಕೊಂಡಿದ್ದೆ,” ಎಂದ ನಿಧಾನವಾಗಿ. “ಅಲ್ಲಿ ಕೂಡಿ ಕೆಲಸ ಮಾಡೂ ಮಂದಿನೂ ಹಂಗ ಅಂತಿದ್ರು. ಸಾಂಗಲಿ ವಕೀಲಗ ಪತ್ರ ಹಾಕಿ ಕೇಳಿದೆ, ಹಂಗಲ್ಲ ಅಂತ ಬರದ. ವೀಸಾ ಅಲ್ಲಿ ಇರಾಕ ಅಷ್ಟ. ಇಲ್ಲಿಯವರು ಕೇಳೂದು ಬ್ಯಾರೆ. ವರ್ಷದಾಗ ಆರು ತಿಂಗಳು ನಿನಗಂತ ಇಲ್ಲಿ ಮನಿ ಇಟ್ಟಿದ್ದೇನು? ಆ ವರ್ಷ ಮೂವತ್ತು ದಿನ ಊರಾಗ ಇದ್ದೇನು? ಎರಡೂ ಹೌದು ಅಂದ್ರ ನೀ ಇಲ್ಲಿಯವ. ಅಲ್ಲಿಯ ಗಳಿಕಿನೂ ಇಲ್ಲಿಯ ತೆರಗಿಯಾಗ ಬಂತು.”

“ಆ ವರ್ಷ ಎಷ್ಟು ದಿನ ಇದ್ರಿ?”

ಅವನು ಕಾಗದ ಮಡಚತೊಡಗಿದ.

ಇಸ್ಮತ ಮನಸ್ಸಿನಲ್ಲೇ ಎಣಿಸಿದಳು. ಇಪ್ಪತ್ತೆಂಟಕ್ಕೆ ಹೋಗಬೇಕಿದ್ದವನು. ಜ್ವರ... ಹಾಸಿಗೆ... ಕಣ್ಣು ತೆರೆದಾಗಲೆಲ್ಲ ಕಂಡ ಆ ಮುಖ.

“ನಲವತ್ಮೂರು,” ಎಂದಳು.

“ಹೂಂ.”

ಇಸ್ಮತ ಅವನ ಎದುರಿಗೆ ಮಣ್ಣಿನ ಮೇಲೆಯೇ ಕೂತುಬಿಟ್ಟಳು.

“ಎರಡು ವರ್ಷ ಆ ತೆರಗಿ ತುಂಬಿದೆ. ಅದಕ್ಕ ಬರಲಿಲ್ಲ,” ಎಂದ ರಸೂಲ.

“ಒಂದು ಮಾತು ಬರೀಬೇಕಿಲ್ಲೇನ್ರಿ?”

“ಹೆಂಗ ಬರೀಲಿ? ನಿನ್ನ ಬಾಜೂಕ ಕುಂತ ದಿನಕ್ಕ ಸರಕಾರ ದಂಡ ಹಾಕೇತಿ ಅಂತ ಮಾಸ್ತರ ಬಾಯಿಲೆ ಹೇಳಸಲ್ಯಾ? ಕೂಸು ಹೋದ ದಿನಕ್ಕ... ಅದಕ್ಕ ಕಿಮ್ಮತ್ತು ಹಚ್ಚಲ್ಯಾ?”

 ಇಷ್ಟು ಮಾತು ಅವನು ಎಂದೂ ಆಡಿದವನಲ್ಲ.

“ಮನಿ ಬಿಡು ಅಂದದ್ದು ಅದಕ್ಕೇನ್ರಿ?”

“ಮನಿ ಇಲ್ಲಂದ್ರ ಆ ಮೂವತ್ತರ ಕಟ್ಟು ಇಲ್ಲ. ಹತ್ತಿರ ಹತ್ತಿರ ಎರಡು ತಿಂಗಳು ಇರಬಹುದು ಅಂತ ಬರದಿದ್ದ ವಕೀಲ. ಎರಡು ತಿಂಗಳ ರಜಾ ಕೇಳಿಟ್ಟಿದ್ದೆ. ನೀ ಬಿಡಂಗಿಲ್ಲ ಅಂತ ಬರಿಸಿದಿ. ಇಪ್ಪತ್ತೊಂಬತ್ತಕ್ಕ ಟಿಕೆಟ್ ತಗದೆ.”

ಇಸ್ಮತ ಬಾಯಿಗೆ ಸೆರಗು ಒತ್ತಿಕೊಂಡಳು. ಅವನನ್ನು ಹಿಡಿದಿಡಲು ಕಾಯ್ದ ಮನೆ... ಅದೇ ಅವನ ಒಂದು ತಿಂಗಳನ್ನು ನುಂಗಿತ್ತು.

“ಈಗ ಬಿಟ್ರ?”

“ತೆರಗಿ ವರ್ಷ ಎಪ್ರಿಲಿಗೆ ಸುರು; ಈ ಡಿಸೆಂಬರ ತನಕ ಮನಿ ಇಟ್ಟಾಗೇತಿ, ಆರು ತಿಂಗಳು ದಾಟೇತಿ. ಈ ವರ್ಷದ್ದು ಆಗಿಹೋತು.”

“ನನ್ನ ಅಲ್ಲಿಗೆ ಕರ್ಕೊಂಡು ಹೋಗ್ರಿ.”

“ನನ್ನ ವೀಸಾದಾಗ ಹೆಂಡತಿಗೆ ಜಾಗಾ ಇಲ್ಲ, ಇಸ್ಮತ. ಆರು ಮಂದಿ ಒಂದು ಖೋಲಿಯಾಗ ಮಲಗ್ತೀವಿ.”

 ಒಳಗೆ ಕಾಸೀಂಬಿಯ ಮೊರದ ಸದ್ದು ನಿಂತಿತ್ತು.

ಒಂದು ಪ್ರಶ್ನೆ ಮಾತ್ರ ಇಸ್ಮತಳ ಎದೆಯಲ್ಲಿ ಉಳಿದಿತ್ತು. ಅದನ್ನು ಕೇಳಲು ಹೆದರಿಕೆ. ಕೇಳದೆ ಬದುಕಲೂ ಆಗದು.

“ಟಿಕೆಟ್ ಇಪ್ಪತ್ತೊಂಬತ್ತಕ್ಕ ಇದ್ದ ಮ್ಯಾಲ ಹೊಸ್ತಿಲ ದಾಟಿದ್ರ ಯಾವ ತೆರಗಿ ಬೀಳ್ತಿತ್ತು? ಅವತ್ತ ಯಾಕ ಒಳಗ ಬರಲಿಲ್ಲ?”

ರಸೂಲ ಮೊದಲ ಸಲ ಅವಳ ಕಣ್ಣಲ್ಲಿ ಕಣ್ಣಿಟ್ಟ.

“ಒಳಗ ಬಂದ್ರ ಇಪ್ಪತ್ತೊಂಬತ್ತಕ್ಕ ಎದ್ದು ಹೋಗೂದು ನನ್ನ ಕೈಲೆ ಆಗಂಗಿಲ್ಲ. ಹೋದ ಸಲಾನೂ ಆಗಲಿಲ್ಲ.”

ಇಸ್ಮತಳ ಕಣ್ಣು ತುಂಬಿ ಬಂದವು. ಬಿಟ್ಟಿರಲಿಲ್ಲ... ಅವನು ಬಿಟ್ಟಿರಲೇ ಇಲ್ಲ. ಒಂದು ಸಾವಿನ ಪಕ್ಕದಲ್ಲಿ ಕೂತ ದಿನಗಳನ್ನು ಒಬ್ಬನೇ ತೀರಿಸಿ ಬಂದಿದ್ದ.

“ಬರೂ ವರ್ಷ ಮನಿ ಬಿಡ್ತೀನಿ. ತವರಾಗ ಇರ್ತೀನಿ,” ಎಂದಳು. “ಈ ಸಲ ಇಪ್ಪತ್ತೊಂಬತ್ತಕ್ಕ ನಾನ ನಿಮ್ಮನ್ನ ಬಸ್ ಹತ್ತಸ್ತೀನಿ. ಅತ್ತರೂ ಹತ್ತಸ್ತೀನಿ.”

“ನಿನಗ ಆಗ್ತದೇನು?”

“ಗೊತ್ತಿಲ್ಲ.”

ಅವಳು ಎದ್ದು ಮಣ್ಣು ಕೊಡವಿಕೊಂಡು ಒಳಗಿಂದ ಅವನ ಟ್ರಂಕು ಎಳೆದು ತಂದು ಒಂದು ಹಿಡಿಕೆ ಹಿಡಿದಳು.

“ಆಪಾನ ಮನಿಯಾಗ ಕುಂತ ದಿನಾನೂ ಸರಕಾರ ಎಣಸ್ತದೇನ್ರಿ?”

“ಎಣಸ್ತದ.”

“ಹಂಗಾರ ಇಲ್ಲಿ ಯಾಕ ಕುಂತೀರಿ? ನಡೀರಿ.”